ಮೊದಲ ನಾಲ್ಕು ಕೆಜಿ

ತೂಕ ಇಳಿಸಬೇಕು ಎಂದುಕೊಂಡಿರುವ ಯಾರನ್ನಾದರೂ "ಎಷ್ಟು?" ಅಂತ ಕೇಳಿ ನೋಡಿ. ಉತ್ತರ ತಡವಾಗುವುದಿಲ್ಲ. ಮದುವೆಯಲ್ಲಿ ಎಷ್ಟಿದ್ದೆನೋ ಅಷ್ಟು ಅನ್ನುತ್ತಾರೆ ಕೆಲವರು. ಕಾಲೇಜಿನಲ್ಲಿದ್ದಷ್ಟು ಅನ್ನುತ್ತಾರೆ ಇನ್ನು ಕೆಲವರು. ಮೊಬೈಲಿನ ಆ್ಯಪ್ ತೋರಿಸಿದ್ದು, ಓರಗಿತ್ತಿಯ ತೂಕ, ಬೀರುವಿನಲ್ಲಿ ಮಡಿಸಿಟ್ಟ ಹಳೇ ರವಿಕೆಯ ಅಳತೆ, ಹೀಗೆ ಎಲ್ಲಿಂದಲೋ ಬಂದ ಒಂದು ಸಂಖ್ಯೆ ಮನಸ್ಸಿನಲ್ಲಿ ಕೂತಿರುತ್ತದೆ. ಅದೇ ಸಂಖ್ಯೆ ಯಾಕೆ, ಅದಕ್ಕಿಂತ ಐದಾರು ಕೆಜಿ ಹೆಚ್ಚಿದ್ದರೆ ಏನಾಗುತ್ತದೆ ಅಂತ ಕೇಳಿದರೆ ಮಾತ್ರ ಮಾತು ನಿಲ್ಲುತ್ತದೆ.

ಈ ಸಂಖ್ಯೆಯ ಬಗ್ಗೆಯೇ ಬರೆಯಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಏನು ತಿನ್ನಬೇಕು, ಯಾವ ವ್ಯಾಯಾಮ ಮಾಡಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಎಷ್ಟು ಇಳಿದರೆ ಸಾಕು ಅಂತ ಹೇಳುವವರು ಕಡಿಮೆ. ಬಹಳಷ್ಟು ಜನ ಸೋಲುವುದು ಆ ಸಂಖ್ಯೆಯನ್ನು ಆರಿಸಿಕೊಂಡ ದಿನವೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನನ್ನ ಅಕ್ಕ ಹಾಸನದಲ್ಲಿ ಶಾಲಾ ಶಿಕ್ಷಕಿ. ವಯಸ್ಸು 47, ಎತ್ತರ 155 ಸೆಂಟಿಮೀಟರ್. ಒಂದು ಹಂತದಲ್ಲಿ ತೂಕ 78 ಕೆಜಿಗೆ ಬಂದು ನಿಂತಿತ್ತು. ಮಂಡಿ ನೋವು ಇತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಶುಗರ್ 117 ಬಂತು. 100ರಿಂದ 125ರ ಒಳಗೆ ಬಂದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಬರುವ ದಾರಿಯಲ್ಲಿದೆ ಅಂತ ಅರ್ಥ. ನಮ್ಮ ಅಮ್ಮನಿಗೂ ಅಜ್ಜಿಗೂ ಶುಗರ್ ಇತ್ತು. ಅಕ್ಕ ಹೆದರಿದಳು. 52ಕ್ಕೆ ಇಳಿಯಬೇಕು ಅಂತ ತೀರ್ಮಾನ ಮಾಡಿದಳು. ಮದುವೆಯ ದಿನ ಅವಳು ಅಷ್ಟಿದ್ದಳು.

ಡಾಕ್ಟರು ಹೇಳಿದ್ದು ಬೇರೆ. "ಆರು ತಿಂಗಳಲ್ಲಿ ನಾಲ್ಕು ಕೆಜಿ ಇಳಿಸಿ ಮೇಡಂ. ದಿನಾ ನಡೆಯಿರಿ. ಆಮೇಲೆ ಇನ್ನೊಂದು ಸಲ ರಕ್ತ ನೋಡೋಣ."

ಸಂಜೆ ಅಕ್ಕ ಫೋನ್ ಮಾಡಿದಾಗ ಅವಳ ದನಿಯಲ್ಲಿ ಬೇಸರ ಇತ್ತು. "ನಂಗೆ ಆಗಲ್ಲ ಅಂತ ತಿಳ್ಕೊಂಡು ಅವ್ರು ಕಮ್ಮಿ ಹೇಳಿದಾರೆ ಕಣೇ. ನಾಲ್ಕು ಕೆಜಿಲಿ ಏನಾಗತ್ತೆ ಹೇಳು?"

ನಾಲ್ಕು ಕೆಜಿಯಲ್ಲಿ ಏನಾಗುತ್ತದೆ ಅನ್ನುವುದು ಒಳ್ಳೆಯ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಇದೆ. ಅದನ್ನು ಹೇಳುವ ಮೊದಲು 52ರ ಬಗ್ಗೆ ಒಂದು ಮಾತು. 78ರಿಂದ 52ಕ್ಕೆ ಇಳಿಯುವುದೆಂದರೆ 26 ಕೆಜಿ, ದೇಹದ ತೂಕದ ಮೂರನೇ ಒಂದು ಪಾಲು. ಅಕ್ಕನೊಬ್ಬಳೇ ಹೀಗೆ ಯೋಚಿಸಿದ್ದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗ್ಯಾರಿ ಫಾಸ್ಟರ್ ಮತ್ತು ಅವರ ಜೊತೆಯವರು 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತೂಕ ಇಳಿಸಲು ಬಂದ 60 ಹೆಂಗಸರನ್ನು ಅವರು ಮೊದಲೇ ಕೇಳಿಟ್ಟುಕೊಂಡಿದ್ದರು. ನಿಮ್ಮ ಕನಸಿನ ತೂಕ ಎಷ್ಟು? ಎಷ್ಟಾದರೆ ಖುಷಿ? ಎಷ್ಟಾದರೆ ಪರವಾಗಿಲ್ಲ? ಎಷ್ಟಕ್ಕೆ ನಿಂತರೆ ನಿರಾಸೆ? ಆ ಹೆಂಗಸರು ಇಟ್ಟುಕೊಂಡ ಗುರಿ ಸರಾಸರಿ ಶೇ. 32ರಷ್ಟು ಇಳಿಕೆ. ಅದೂ ಮೂರನೇ ಒಂದು ಪಾಲೇ! 17 ಕೆಜಿ ಇಳಿದರೆ ಅದು ನಿರಾಸೆ, ಅದನ್ನು ಗೆಲುವು ಅನ್ನಲಾಗದು ಅಂತ ಹೇಳಿದ್ದರು. 48 ವಾರಗಳ ಚಿಕಿತ್ಸೆಯ ಕೊನೆಗೆ ಇಳಿದದ್ದು ಸರಾಸರಿ 16 ಕೆಜಿ. ಹತ್ತಿರ ಹತ್ತಿರ ಅರ್ಧದಷ್ಟು ಜನ ತಾವೇ ಹೇಳಿದ್ದ ನಿರಾಸೆಯ ತೂಕವನ್ನೂ ಮುಟ್ಟಲಿಲ್ಲ.

16 ಕೆಜಿ ಅಂದರೆ ಸಣ್ಣ ಮಾತೇ? ಯಾವ ವೈದ್ಯರನ್ನು ಕೇಳಿದರೂ ಬೆನ್ನು ತಟ್ಟುವಂಥ ಇಳಿಕೆ ಅದು. ಅಷ್ಟು ಮಾಡಿಯೂ ಆ ಹೆಂಗಸರ ಲೆಕ್ಕದಲ್ಲಿ ಅದು ಸೋಲು. ಈ ಅಧ್ಯಯನದ ಬಗ್ಗೆ ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ನಮ್ಮ ಸುತ್ತ ಇಂಥವರು ಎಷ್ಟು ಜನ ಇದ್ದಾರೆ ಅಲ್ವಾ? ಮೂರು ಕೆಜಿ ಇಳಿಸಿ, "ಏನೂ ಆಗಲಿಲ್ಲ" ಅಂತ ಬಿಟ್ಟವರು. ಐದು ಕೆಜಿ ಇಳಿಸಿ, ನೆಂಟರ ಮನೆಯ ಮದುವೆಯಲ್ಲಿ ಯಾರೂ ಗುರುತಿಸಲಿಲ್ಲ ಅಂತ ಬೇಜಾರು ಮಾಡಿಕೊಂಡು ಹಳೆಯ ದಾರಿಗೇ ಹೋದವರು.

ಈಗ ನಾಲ್ಕು ಕೆಜಿಯ ಮಾತು. ಡಾಕ್ಟರು ಹೇಳಿದ ನಾಲ್ಕು ಕೆಜಿ ಅಕ್ಕನ ತೂಕದ ಶೇ. 5. ಅದು ಸಮಾಧಾನಕ್ಕೆ ಹೇಳಿದ ಸಂಖ್ಯೆ ಆಗಿರಲಿಲ್ಲ.

ಸಕ್ಕರೆ ಕಾಯಿಲೆ ಬರುವ ಮೊದಲೇ ತಡೆಯಬಹುದೇ ಅಂತ ಅಮೆರಿಕದಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. 3,234 ಜನ ಅದರಲ್ಲಿದ್ದರು. ಫಲಿತಾಂಶ ಬಂದದ್ದು 2002ರಲ್ಲಿ. ಒಂದು ಗುಂಪಿಗೆ ಕೊಟ್ಟ ಗುರಿ ಎರಡೇ: ತೂಕದಲ್ಲಿ ಶೇ. 7 ಇಳಿಸಿ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ಶೇ. 30 ಅಂತ ಯಾರೂ ಕೇಳಲಿಲ್ಲ. ಸುಮಾರು ಮೂರು ವರ್ಷದಲ್ಲಿ ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಶೇ. 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ಕಡಿಮೆಯಾದದ್ದು ಶೇ. 31. ಮಾತ್ರೆಗಿಂತ ನಡಿಗೆ ಮತ್ತು ಊಟ ಹೆಚ್ಚು ಕೆಲಸ ಮಾಡಿತು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ. ನಡಿಗೆ ಮತ್ತು ಊಟದ ಬಗ್ಗೆ ಆ ಗುಂಪಿಗೆ ಕೊಟ್ಟ ಆರು ತಿಂಗಳ ಪಾಠ ಮುಗಿದಾಗ ಶೇ. 7ರ ಗುರಿ ಮುಟ್ಟಿದ್ದವರು ಅರ್ಧದಷ್ಟು ಜನ ಮಾತ್ರ. ಕೊನೆಯ ಭೇಟಿಯ ಹೊತ್ತಿಗೆ ಆ ಗುರಿಯಲ್ಲಿದ್ದವರು ಶೇ. 38. ಅಂದರೆ ಗುರಿ ಮುಟ್ಟದವರೂ ಸೇರಿಯೇ ಅಷ್ಟು ಲಾಭ ಬಂದಿತ್ತು. ಆಮೇಲೆ ಲೆಕ್ಕ ಹಾಕಿ ನೋಡಿದರೆ, ಇಳಿದ ಒಂದೊಂದು ಕೆಜಿಗೂ ಸಕ್ಕರೆ ಕಾಯಿಲೆಯ ಅಪಾಯ ಸುಮಾರು ಶೇ. 16ರಷ್ಟು ಕಡಿಮೆಯಾಗಿತ್ತು.

ಯಕೃತ್ತಿನ ಕಥೆಯೂ ಇದೇ. ಫ್ಯಾಟಿ ಲಿವರ್ ಇರುವವರು ಶೇ. 5 ಇಳಿಸಿದರೆ ಅಲ್ಲಿ ತುಂಬಿರುವ ಕೊಬ್ಬು ಕರಗಲು ಶುರುವಾಗುತ್ತದೆ. ಶೇ. 7ರಿಂದ 10 ಇಳಿದರೆ ಯಕೃತ್ತಿನ ಉರಿಯೂತವೂ ತಗ್ಗುತ್ತದೆ. ಮಂಡಿಯ ಲೆಕ್ಕ ಇನ್ನೂ ಚೆನ್ನಾಗಿದೆ. ಮಂಡಿ ಸವೆತ ಇರುವ ಹಿರಿಯರ ನಡಿಗೆಯನ್ನು ಅಳೆದು 2005ರಲ್ಲಿ ಸಂಶೋಧಕರು ಹೇಳಿದ್ದು ಇದು: ದೇಹದ ತೂಕ ಒಂದು ಕೆಜಿ ಇಳಿದರೆ, ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಬೀಳುವ ಭಾರ ನಾಲ್ಕು ಕೆಜಿ ಕಡಿಮೆ. ಹಾಗಾದರೆ ನಾಲ್ಕು ಕೆಜಿ ಇಳಿದರೆ ಒಂದೊಂದು ಹೆಜ್ಜೆಗೂ 16 ಕೆಜಿ! ದಿನವಿಡೀ ತರಗತಿಯಲ್ಲಿ ನಿಂತು ಪಾಠ ಮಾಡುವ ಅಕ್ಕನಿಗೆ ಇದಕ್ಕಿಂತ ಬೇರೆ ಏನು ಬೇಕು?

ಲಾಭದ ದೊಡ್ಡ ಪಾಲು ಮೊದಲ ಕೆಲವು ಕೆಜಿಗಳಲ್ಲೇ ಸಿಗುತ್ತದೆ. ಕನ್ನಡಿ ಮಾತ್ರ ಆ ಕೆಜಿಗಳನ್ನು ತೋರಿಸುವುದಿಲ್ಲ. ನಾವು ಗುರಿಯನ್ನು ಕನ್ನಡಿ ನೋಡಿ ಇಟ್ಟುಕೊಳ್ಳುತ್ತೇವೆ, ಹಾಗಾಗಿ ರಕ್ತದಲ್ಲಿ, ಯಕೃತ್ತಿನಲ್ಲಿ, ಮಂಡಿಯಲ್ಲಿ ಆದ ಬದಲಾವಣೆ ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

ನಮ್ಮ ಪಕ್ಕದ ಚೆನ್ನೈನಲ್ಲಿ ನಡೆದ ಅಧ್ಯಯನ ನನ್ನನ್ನು ಇನ್ನೂ ಹೆಚ್ಚು ಯೋಚಿಸುವಂತೆ ಮಾಡಿತು. ಡಾ. ಎ. ರಾಮಚಂದ್ರನ್ ಮತ್ತು ತಂಡ 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ್ದು. ಎಲ್ಲರೂ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರು. ದಿನಕ್ಕೆ ಅರ್ಧ ಗಂಟೆ ನಡಿಗೆ, ಸಕ್ಕರೆ ಮತ್ತು ಎಣ್ಣೆ ಕಡಿಮೆ, ನಾರು ಇರುವ ಆಹಾರ ಜಾಸ್ತಿ. ಸಲಹೆ ಇಷ್ಟೇ. ಮೂರು ವರ್ಷದಲ್ಲಿ ಏನೂ ಮಾಡದ ಗುಂಪಿನಲ್ಲಿ ಶೇ. 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ಸಲಹೆ ಪಾಲಿಸಿದ ಗುಂಪಿನಲ್ಲಿ ಬಂದದ್ದು ಸುಮಾರು ಶೇ. 39 ಜನರಿಗೆ. ಇದರಲ್ಲಿ ಸೋಜಿಗ ಏನು ಗೊತ್ತಾ? ಆ ಗುಂಪಿನ ತೂಕ ಇಳಿದೇ ಇರಲಿಲ್ಲ. ತೂಕದ ಮಷೀನನ್ನು ಮಾತ್ರ ನಂಬಿದ್ದರೆ ಅವರೆಲ್ಲ ಮೂರನೇ ತಿಂಗಳಿಗೇ ನಡಿಗೆ ಬಿಡುತ್ತಿದ್ದರೇನೋ.

ಇದಕ್ಕೆ ನಮ್ಮ ದೇಹದ ಸ್ವಭಾವವೂ ಒಂದು ಕಾರಣ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಭಾರತೀಯರ ದೇಹದಲ್ಲಿ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಜಾಸ್ತಿ. ಪುಣೆಯ ಡಾ. ಸಿ. ಎಸ್. ಯಾಜ್ಞಿಕ್ ಈ ವಿಷಯವನ್ನು ದಶಕಗಳಿಂದ ಅಧ್ಯಯನ ಮಾಡಿದವರು. 2004ರಲ್ಲಿ ಅವರೂ ಲಂಡನ್ನಿನ ಅವರ ಗೆಳೆಯ ಜಾನ್ ಯುಡ್ಕಿನ್ ಅವರೂ ತಮ್ಮದೇ ಫೋಟೊ ಹಾಕಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1. ಯಾಜ್ಞಿಕ್ ಮೈಯಲ್ಲಿ ಶೇ. 21.2. ನೋಡಲು ಇಬ್ಬರೂ ತೆಳ್ಳಗೇ ಇದ್ದಾರೆ.

ಬಿಎಂಐ ಅಂದರೆ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ. 19ನೇ ಶತಮಾನದಲ್ಲಿ ಈ ಲೆಕ್ಕ ಹುಡುಕಿದ ಬೆಲ್ಜಿಯಂನ ಕ್ವೆಟಲೆ ವೈದ್ಯರಲ್ಲ. ಗಣಿತ, ಖಗೋಳ ಓದಿದವರು. ಜನಸಮೂಹದ ಸರಾಸರಿ ತಿಳಿಯುವುದು ಅವರ ಉದ್ದೇಶವಾಗಿತ್ತು. ಒಬ್ಬೊಬ್ಬರಿಗೆ ಗುರಿ ಕೊಡಲು ಮಾಡಿದ ಲೆಕ್ಕ ಅದಲ್ಲ. ಈಗ ಅದೇ ಲೆಕ್ಕ ಎಲ್ಲರ ಮೊಬೈಲಿನಲ್ಲಿದೆ. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಅಂತ ನಮ್ಮ ವೈದ್ಯರು 2009ರಲ್ಲಿ ಒಮ್ಮತಕ್ಕೆ ಬಂದರು. ಅಪಾಯ ಎಲ್ಲಿಂದ ಶುರು ಅಂತ ತಿಳಿಯಲು ಈ ಗೆರೆಗಳು ಬೇಕೇ ಬೇಕು. ಆದರೆ ಅಪಾಯದ ಗೆರೆಯನ್ನೇ ಆ್ಯಪ್‌ಗಳು ತಲುಪಬೇಕಾದ ಊರು ಮಾಡಿಬಿಟ್ಟಿವೆ. ಅಕ್ಕನ ಎತ್ತರ ಹಾಕಿದರೆ 55 ಕೆಜಿ ಅಂತ ತೋರಿಸುತ್ತದೆ. ಹತ್ತಾರು ವರ್ಷಗಳಲ್ಲಿ ಸೇರಿದ 23 ಕೆಜಿ ಒಂದು ವರ್ಷದಲ್ಲಿ ಇಳಿಯಬೇಕು ಅಂತ ಒಂದು ಹಸಿರು ಬಣ್ಣದ ಪಟ್ಟಿ ಹೇಳುತ್ತದೆ.

ಇದಕ್ಕಿಂತ ದರ್ಜಿಯ ಟೇಪು ವಾಸಿ. ಹೊಟ್ಟೆಯ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ಒಳಗಿರಬೇಕು ಅನ್ನುವುದು ನಮ್ಮವರ ಲೆಕ್ಕ. ತೂಕ ಅಲ್ಲಾಡದ ತಿಂಗಳಲ್ಲೂ ಟೇಪು ಒಂದೆರಡು ಸೆಂಟಿಮೀಟರ್ ಒಳಗೆ ಬರುವುದುಂಟು. ನಡಿಗೆ ಕೆಲಸ ಮಾಡುತ್ತಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಎಲ್ಲರಿಗೂ ಗುರಿ ಬೇಕಿಲ್ಲ. ಅಕ್ಕನ ಮಗಳಿಗೆ 17 ವರ್ಷ. 160 ಸೆಂಟಿಮೀಟರ್ ಎತ್ತರ, 52 ಕೆಜಿ. ಅಮ್ಮನ ಜೊತೆ ತಾನೂ ಐದು ಕೆಜಿ ಇಳಿಸುತ್ತೇನೆ ಅಂತ ಬೆಳಗಿನ ತಿಂಡಿ ಬಿಟ್ಟಳು. ಅವಳಿಗೆ ಇಳಿಸಬೇಕಾದದ್ದು ಒಂದು ಗ್ರಾಮೂ ಇಲ್ಲ. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57 ಜನರಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಬೆಳೆಯುವ ಹುಡುಗಿಯರು ಊಟ ಬಿಡುವುದನ್ನು "ಡಯಟ್ ಮಾಡ್ತಿದ್ದಾಳೆ" ಅಂತ ನಗುತ್ತಾ ನೋಡಬೇಡಿ, ದಯವಿಟ್ಟು. ಬಸುರಿಯರು, ಬಾಣಂತಿಯರು ಕೂಡ ಈ ಲೆಕ್ಕದಿಂದ ಹೊರಗೆ.

ಇನ್ನು ವೇಗ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರಡಿಸಿತು. ವಾರಕ್ಕೆ ಅರ್ಧ ಕೆಜಿ ಇಳಿಯುವುದು ಸುರಕ್ಷಿತ, ಊಟ ದಿನಕ್ಕೆ 1,000 ಕ್ಯಾಲೊರಿಗಿಂತ ಕೆಳಗೆ ಹೋಗಬಾರದು ಅಂತ ಅದರಲ್ಲಿದೆ. ಅರ್ಧ ಕೆಜಿ ಕೇಳಲು ಸುಲಭ. ಲೆಕ್ಕ ಹಾಕಿ ನೋಡಿ. ಒಂದು ಕೆಜಿ ಕೊಬ್ಬಿನಂಶ ಅಂದರೆ ಸುಮಾರು 7,700 ಕ್ಯಾಲೊರಿ ಅನ್ನುತ್ತಾರೆ. ವಾರಕ್ಕೆ ಅರ್ಧ ಕೆಜಿ ಇಳಿಯಲು ದಿನಕ್ಕೆ 550 ಕ್ಯಾಲೊರಿ ಕಡಿಮೆಯಾಗಬೇಕು. ಅಕ್ಕನ ಎತ್ತರ, ವಯಸ್ಸು, ಕೆಲಸಕ್ಕೆ ದಿನಕ್ಕೆ ಖರ್ಚಾಗುವುದೇ 1,900ರ ಆಸುಪಾಸು. ಅದರಲ್ಲಿ 550 ಅಂದರೆ ನಾಲ್ಕನೇ ಒಂದು ಪಾಲಿಗಿಂತ ಜಾಸ್ತಿ. ಆರಡಿ ಎತ್ತರದ ಗಂಡಸಿಗೂ ಐದಡಿಯ ಹೆಂಗಸಿಗೂ ಒಂದೇ ಅರ್ಧ ಕೆಜಿ ಹೇಳುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಕ್ಕನಂಥವರಿಗೆ ಅದು ಮೇಲಿನ ಮಿತಿ. ಕಾಲು ಕೆಜಿ ಇಳಿದರೆ ಅದು ಒಳ್ಳೆಯ ವಾರ. ಡಾಕ್ಟರು ನಾಲ್ಕು ಕೆಜಿಗೆ ಆರು ತಿಂಗಳು ಕೊಟ್ಟದ್ದು ಇದಕ್ಕೇ. 26 ವಾರ, ಆಗೊಮ್ಮೆ ಈಗೊಮ್ಮೆ ಏನೂ ಇಳಿಯದ ವಾರಗಳಿಗೂ ಅದರಲ್ಲಿ ಜಾಗ ಇತ್ತು.

"15 ದಿನದಲ್ಲಿ 7 ಕೆಜಿ" ಅಂತ ಗೋಡೆಯ ಮೇಲೆ, ಆಟೋದ ಹಿಂದೆ, ವಾಟ್ಸ್ಯಾಪಿನಲ್ಲಿ ಬರುವ ಜಾಹೀರಾತುಗಳ ಬಗ್ಗೆ ನನಗೆ ಸಿಟ್ಟಿದೆ. ಅದರಲ್ಲಿ ಕಾಣುವ ಇಳಿಕೆ ಬಹುಪಾಲು ನೀರು. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕೆಜಿಯಷ್ಟು ಸಕ್ಕರೆಯಂಶ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಒಂದೊಂದು ಗ್ರಾಮೂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಅನ್ನ, ಮುದ್ದೆ ಎಲ್ಲ ಏಕಾಏಕಿ ನಿಲ್ಲಿಸಿದರೆ ಮೊದಲ ವಾರದಲ್ಲೇ ಈ ನೀರು ಹೋಗಿ ಒಂದೂವರೆ ಎರಡು ಕೆಜಿ ಇಳಿದಂತೆ ಕಾಣುತ್ತದೆ. ಒಂದು ಮದುವೆ ಊಟ ಮಾಡಿ ಬಂದರೆ ಅದು ವಾಪಸ್. ದುಡ್ಡು ಕೊಟ್ಟವರು ತಮ್ಮ ಮನಸ್ಸೇ ಗಟ್ಟಿಯಿಲ್ಲ ಅಂತ ನೊಂದುಕೊಳ್ಳುತ್ತಾರೆ. ಬೇಗ ಇಳಿಸಿದರೆ ಇನ್ನೂ ಕೆಲವು ತೊಂದರೆ ಇವೆ. ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು, ಎರಡು ಮೂರು ತಿಂಗಳ ನಂತರ ಕೂದಲು ಉದುರಬಹುದು, ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮೊದಲೇ ಸ್ನಾಯು ಕಡಿಮೆ ಇರುವ ನಮಗೆ ಈ ಕೊನೆಯದು ದೊಡ್ಡ ನಷ್ಟ.

ನಿಧಾನವಾಗಿ ಇಳಿಸುವಾಗಲೂ ಒಂದು ಹಂತದಲ್ಲಿ ತೂಕದ ಮುಳ್ಳು ನಿಂತುಬಿಡುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ ಎಷ್ಟೋ ಜನ ಅಲ್ಲಿಗೆ ಬಿಡುವುದಿಲ್ಲ. ದಿನಕ್ಕೆ ಇಷ್ಟು ಕ್ಯಾಲೊರಿ ಕಡಿಮೆ ಮಾಡಿದರೆ ವರ್ಷಕ್ಕೆ ಇಷ್ಟು ಕೆಜಿ ಅಂತ ನೇರವಾಗಿ ಗುಣಿಸುವ ಲೆಕ್ಕ 1958ರಷ್ಟು ಹಳೆಯದು. ದೇಹ ಹಾಗೆ ನಡೆದುಕೊಳ್ಳುವುದಿಲ್ಲ. ತೂಕ ಇಳಿದಂತೆ ಹಗುರಾದ ದೇಹಕ್ಕೆ ಖರ್ಚು ಕಡಿಮೆಯಾಗುತ್ತದೆ, ಹಸಿವು ಹೆಚ್ಚುತ್ತದೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ 2011ರಲ್ಲಿ ಇದನ್ನೆಲ್ಲ ಸೇರಿಸಿ ಹೊಸ ಲೆಕ್ಕ ಕೊಟ್ಟರು. ಊಟದಲ್ಲಿ ಒಂದು ಬದಲಾವಣೆ ಮಾಡಿ ಅದನ್ನೇ ಬಿಡದೆ ಪಾಲಿಸಿದರೆ, ಅದರಿಂದ ಇಳಿಯಬೇಕಾದ ತೂಕದ ಅರ್ಧ ಇಳಿಯಲು ಒಂದು ವರ್ಷ ಬೇಕು. ಹೆಚ್ಚುಕಡಿಮೆ ಪೂರ್ತಿ ಇಳಿಯಲು ಮೂರು ವರ್ಷ. ಅಂದರೆ ಮೂರು ವರ್ಷ ಮಾಡಲಾಗದ ಬದಲಾವಣೆಯನ್ನು ಇವತ್ತು ಶುರು ಮಾಡಿ ಪ್ರಯೋಜನ ಇಲ್ಲ.

ಈ ಮಾತು ಇಟ್ಟುಕೊಂಡೇ ಅಕ್ಕನ ಅಡುಗೆಮನೆಗೆ ಬಂದೆವು. ಓಟ್ಸ್, ಆಲಿವ್ ಎಣ್ಣೆ, ಪಾರ್ಸೆಲ್ ಬರುವ ಸಲಾಡ್, ಇವು ಯಾವುದೂ ಆ ಮನೆಯಲ್ಲಿ ಮೂರು ವರ್ಷ ನಡೆಯುವಂಥದ್ದಲ್ಲ. ಏಳು ಗಂಟೆಗೆ ನಾಲ್ಕು ಜನರ ತಿಂಡಿ, ಡಬ್ಬಿ ಕಟ್ಟಿ, ಎಂಟೂವರೆಗೆ ಮನೆ ಬಿಡುವ ಹೆಂಗಸು ಅವಳು. ಮನೆಯವರಿಗೆಲ್ಲ ಒಂದು ಅಡುಗೆ, ತನಗೊಂದು ಅಡುಗೆ ಅಂತ ಮಾಡಲು ಅವಳಿಗೆ ಸಮಯ ಎಲ್ಲಿದೆ?

ಹಾಗಾಗಿ ಇರುವ ಅಡುಗೆಯಲ್ಲೇ ಹುಡುಕಿದೆವು. ಅಕ್ಕ ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುತ್ತಿದ್ದಳು, ಲೋಟಕ್ಕೆ ಎರಡು ಚಮಚ ಸಕ್ಕರೆ. ಒಂದು ಚಮಚ ಸಕ್ಕರೆಗೆ 20 ಕ್ಯಾಲೊರಿ. ಎಂಟು ಚಮಚ ಎರಡಾದರೆ ಅಲ್ಲಿಗೇ 120 ಉಳಿಯಿತು. ಎಣ್ಣೆಯ ಲೆಕ್ಕ ನೋಡಿ ನಮಗೇ ಆಶ್ಚರ್ಯವಾಯಿತು. ಐದು ಲೀಟರಿನ ಕ್ಯಾನು ತಿಂಗಳಿಗೆ ಸಾಲುತ್ತಿರಲಿಲ್ಲ. ಪೌಷ್ಟಿಕಾಂಶ ಸಂಸ್ಥೆಯ ತಟ್ಟೆಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಣ್ಣೆ ತುಪ್ಪ. ನಾಲ್ಕು ಜನರಿಗೆ ತಿಂಗಳಿಗೆ ಮೂರು ಕೆಜಿ ಚಿಲ್ಲರೆ. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ ಆಗುವುದರಿಂದ, ಒಗ್ಗರಣೆಯ ಸೌಟು ಚಿಕ್ಕದಾದರೆ ಮನೆಯವರೆಲ್ಲರಿಗೂ ಲಾಭ. ಭಾವನ ಬಿ.ಪಿ.ಯೂ ಇತ್ತಲ್ಲ.

ಮುದ್ದೆ ಬಿಡಲಿಲ್ಲ. ಗಾತ್ರ ಚಿಕ್ಕದಾಯಿತು. ಜೊತೆಗೆ ಸೊಪ್ಪಿನ ಪಲ್ಯ ತಟ್ಟೆಯ ಅರ್ಧಕ್ಕೆ ಬಂತು. ಬಸ್ಸಾರು, ಮೊಳಕೆ ಹುರುಳಿಯ ಸಾರು, ಹೆಸರುಬೇಳೆ ಕೋಸಂಬರಿ, ಇವೆಲ್ಲ ನಮ್ಮ ಕಡೆಯ ಊಟವೇ. ಕಾಳು ಜಾಸ್ತಿಯಾದರೆ ಹಸಿವು ತಡೆಯುತ್ತದೆ, ಸ್ನಾಯುವಿಗೂ ಬೇಕು. ಬೆಳಗ್ಗೆ ಅವಲಕ್ಕಿಯೋ ಚಿತ್ರಾನ್ನವೋ ಮಾಡಿದ ದಿನ ಒಂದು ಮೊಟ್ಟೆ ಅಥವಾ ಒಂದು ಬಟ್ಟಲು ಕಾಳು ಸೇರಿಸಿಕೊಂಡಳು.

ಬಿಡಲು ಎಲ್ಲಕ್ಕಿಂತ ಕಷ್ಟವಾದದ್ದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸರು ಕೊನೆಗೆ ಊಟಕ್ಕೆ ಕೂರುತ್ತಾರೆ. ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ, ಪಾತ್ರೆಯ ತಳದಲ್ಲಿ ಉಳಿದ ಅನ್ನ, ನಾಳೆಗೆ ಹಳಸುತ್ತದೆ ಅನ್ನುವ ಪಲ್ಯ, ಎಲ್ಲ ಅವರ ಹೊಟ್ಟೆಗೆ. ಅನ್ನ ಚೆಲ್ಲಬಾರದು ಅಂತ ನಮ್ಮನ್ನು ಬೆಳೆಸಿದ್ದಾರೆ. ಅದು ಒಳ್ಳೆಯ ಪಾಠವೇ. ಆದರೆ ಉಳಿದದ್ದರ ಹೊಣೆ ಅಮ್ಮನೊಬ್ಬಳದ್ದೇ ಯಾಕಾಗಬೇಕು? ಅಕ್ಕ ಇದನ್ನು ಊಟದ ಹೊತ್ತಿನಲ್ಲೇ ಮಾತಾಡಿದಳು. ಈಗ ಎಲ್ಲರೂ ಒಟ್ಟಿಗೆ ಕೂರುತ್ತಾರೆ, ಬೇಕಾದಷ್ಟೇ ಬಡಿಸಿಕೊಳ್ಳುತ್ತಾರೆ, ಅಕ್ಕಿಯ ಅಳತೆ ಒಂದು ಪಾವು ಕಡಿಮೆಯಾಗಿದೆ. ತೂಕ ಇಳಿಸುವ ಗುರಿ ಒಬ್ಬರದ್ದು ಅಂತ ಬರೆದಿಟ್ಟರೂ ಅದು ನಡೆಯುವುದು ಇಡೀ ಮನೆ ಸ್ವಲ್ಪ ಅಲ್ಲಾಡಿದಾಗ.

ಹಬ್ಬಗಳ ವಿಷಯದಲ್ಲಿ ನಾನು ಅಕ್ಕನಿಗೆ ಹೇಳಿದ್ದು ಒಂದೇ. ಶ್ರಾವಣದಿಂದ ದೀಪಾವಳಿವರೆಗೆ ಇಳಿಸುವ ಯೋಚನೆ ಬಿಡು, ಏರದಿದ್ದರೆ ಸಾಕು. ವರಮಹಾಲಕ್ಷ್ಮಿಗೆ ಒಬ್ಬಟ್ಟು, ಗೌರಿ ಗಣೇಶಕ್ಕೆ ಕಡುಬು, ದಸರೆಗೆ ನೆಂಟರು. ಆ ತಿಂಗಳುಗಳಲ್ಲಿ ತೂಕ ಇದ್ದಲ್ಲೇ ಇದ್ದರೆ ಅದೂ ಒಂದು ಗುರಿ ಮುಟ್ಟಿದ ಹಾಗೆಯೇ. ವರ್ಷದ ಹನ್ನೆರಡು ತಿಂಗಳೂ ಒಂದೇ ವೇಗ ಇಟ್ಟುಕೊಂಡವರು ಮೊದಲ ಒಬ್ಬಟ್ಟಿಗೇ ತಪ್ಪಿತಸ್ಥರಂತೆ ಕೂರುತ್ತಾರೆ. ಹಬ್ಬದ ದಿನ ಯಾರಿಗೂ ಹಾಗೆ ಅನ್ನಿಸಬಾರದು.

ತೂಕ ನೋಡುವುದು ವಾರಕ್ಕೆ ಒಂದು ಸಲ. ಬೆಳಗ್ಗೆ, ಶೌಚ ಮುಗಿಸಿ, ತಿಂಡಿಗೆ ಮೊದಲು. ಉಪ್ಪಿನಕಾಯಿ ಹಪ್ಪಳ ಜಾಸ್ತಿ ತಿಂದ ಮರುದಿನ, ಮುಟ್ಟಿನ ಮುಂಚಿನ ದಿನಗಳಲ್ಲಿ, ಮಲಬದ್ಧತೆ ಇದ್ದಾಗ ಒಂದು ಕೆಜಿ ಸುಮ್ನೆ ಮೇಲೆ ತೋರಿಸುತ್ತದೆ. ಅದು ಕೊಬ್ಬಲ್ಲ. ತಿಂಗಳಿಗೆ ತಿಂಗಳು ಹೋಲಿಸಿ ನೋಡಿದರೆ ಮಾತ್ರ ಅರ್ಥ ಇದೆ. ಅಕ್ಕ ಅದನ್ನು ಹಾಜರಿ ಪುಸ್ತಕದಂತೆ ಗೆರೆ ಎಳೆದು ಬರೆದಿಡುತ್ತಾಳೆ. ತೂಕದ ಪಕ್ಕದಲ್ಲಿ ಇನ್ನೊಂದು ಸಾಲು, ಆ ವಾರ ಎಷ್ಟು ದಿನ ನಡೆದೆ ಅಂತ. ತೂಕದ ಸಾಲು ಅವಳ ಕೈಯಲ್ಲಿಲ್ಲ. ನಡಿಗೆಯ ಸಾಲು ಇದೆ.

ಆರು ತಿಂಗಳು ಕಳೆದು ಒಂದಷ್ಟು ದಿನಕ್ಕೆ ಅಕ್ಕ 73ಕ್ಕೆ ಬಂದಳು. ಶುಗರ್ 98. ಹೊಟ್ಟೆಯ ಅಳತೆ ಆರು ಸೆಂಟಿಮೀಟರ್ ಒಳಗೆ ಬಂದಿತ್ತು. ಆದರೂ ಫೋನಿನಲ್ಲಿ ಕೇಳಿದ್ದು ಹೀಗೆ: "ಇಷ್ಟು ಒದ್ದಾಡಿ ಬರೀ ಐದು ಕೆಜಿನಾ?"

ಗುರಿ ಮುಟ್ಟಿ, ದಾಟಿ, ಆಮೇಲೂ ಈ ಮಾತು. 52 ಅನ್ನುವುದು ಅಷ್ಟು ಸುಲಭಕ್ಕೆ ಮನಸ್ಸಿನಿಂದ ಹೋಗುವುದಿಲ್ಲ. ನಾನು ವಾದ ಮಾಡಲಿಲ್ಲ. "ಅಕ್ಕ, ಶ್ರವಣಬೆಳಗೊಳಕ್ಕೆ ಹೋಗೋಣ" ಅಂದೆ. ವಿಂಧ್ಯಗಿರಿಯ ಬಂಡೆಯಲ್ಲಿ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಿನಲ್ಲಿ ಹತ್ತಬೇಕು. ಹಿಂದೊಮ್ಮೆ ಮನೆಯವರೆಲ್ಲ ಹೋದಾಗ ಅಕ್ಕ ಮಂಡಿ ಹಿಡಿದುಕೊಂಡು ಕೆಳಗೇ ಕೂತಿದ್ದಳು. ಈ ಸಲ ಬೆಳಗಿನ ತಂಪಿನಲ್ಲಿ ಹತ್ತಿದೆವು. ನಡುನಡುವೆ ನಿಂತಳು, ನೀರು ಕುಡಿದಳು, ಹತ್ತಿದಳು. ಬಾಹುಬಲಿಯ ಮುಂದೆ ನಿಂತಾಗ ಅವಳು ತೂಕದ ಮಾತೇ ಎತ್ತಲಿಲ್ಲ. ಇಳಿಯುವಾಗ ಮಾತ್ರ, "ಇಳಿಯೋದು ಮಂಡಿಗೆ ಜಾಸ್ತಿ ಕಷ್ಟ ಕಣೇ, ತೊಡೆಗೆ ವ್ಯಾಯಾಮ ಶುರು ಮಾಡ್ಬೇಕು" ಅಂದಳು. ಮುಂದಿನ ಗುರಿ ಅಲ್ಲೇ ಸಿಕ್ಕಿತು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಕೂರುವುದು. ಇದಕ್ಕೆ ಜಿಮ್ ಬೇಕಿಲ್ಲ.

ಇಳಿದ ತೂಕ ಉಳಿಸಿಕೊಳ್ಳುವುದೇ ನಿಜವಾದ ಕೆಲಸ. ಅಮೆರಿಕದ ಒಂದು ಟಿವಿ ಸ್ಪರ್ಧೆಯಲ್ಲಿ 30 ವಾರದಲ್ಲಿ ಸರಾಸರಿ 58 ಕೆಜಿ ಇಳಿಸಿದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದರು. 2016ರಲ್ಲಿ ಬಂದ ಆ ವರದಿಯ ಪ್ರಕಾರ 41 ಕೆಜಿ ವಾಪಸ್ ಬಂದಿತ್ತು. ವಿಶ್ರಾಂತಿಯಲ್ಲಿದ್ದಾಗ ಅವರ ದೇಹ ಖರ್ಚು ಮಾಡುತ್ತಿದ್ದ ಶಕ್ತಿ, ಅವರ ಗಾತ್ರಕ್ಕೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಇದನ್ನು ಸೋಮಾರಿತನ ಅನ್ನುವುದು ಅನ್ಯಾಯ. ದೇಹ ಕಳೆದುಕೊಂಡ ತೂಕವನ್ನು ವಾಪಸ್ ಕೇಳುತ್ತದೆ. ಹಾಗಾಗಿ ಇಳಿಸುವುದಕ್ಕೆ ಆರು ತಿಂಗಳು, ಅಲ್ಲೇ ನಿಲ್ಲಿಸಿಕೊಳ್ಳುವುದಕ್ಕೆ ಇನ್ನಾರು ತಿಂಗಳು ಅಂತ ಗುರಿಯಲ್ಲೇ ಸೇರಿಸಿ ಬರೆಯಬೇಕು ಅನ್ನುತ್ತೇನೆ ನಾನು. ತೂಕ ಇಳಿಸಲು ಈಗ ಬಂದಿರುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳಿಗೂ ಈ ಮಾತು ಅನ್ವಯ. ಸೆಮಾಗ್ಲುಟೈಡ್ ತೆಗೆದುಕೊಂಡವರು ಸರಾಸರಿ ಶೇ. 15ರಷ್ಟು ಇಳಿದರು. ನಿಲ್ಲಿಸಿದ ಒಂದು ವರ್ಷಕ್ಕೆ ಅದರ ಮೂರನೇ ಎರಡು ಪಾಲು ವಾಪಸ್ ಬಂತು. ತೂಕ ತುಂಬಾ ಜಾಸ್ತಿ ಇದ್ದು ಕಾಯಿಲೆ ಇರುವವರಿಗೆ ಅವು ವರವೇ ಆಗಬಹುದು, ವೈದ್ಯರ ಕೈಯಲ್ಲಿ. ಮಗಳ ಮದುವೆಗೆ ಮೂರು ತಿಂಗಳು ಇದೆ ಅಂತ ತೆಗೆದುಕೊಳ್ಳುವ ವಸ್ತುವಲ್ಲ.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಊಟ ಕಡಿಮೆ ಮಾಡುವ ಮೊದಲೇ ಡಾಕ್ಟರಿಗೆ ಹೇಳಿ. ಊಟ ಇಳಿದು ಔಷಧಿ ಹಾಗೇ ಇದ್ದರೆ ಶುಗರ್ ತೀರಾ ಕೆಳಗೆ ಹೋಗಿ ತಲೆ ಸುತ್ತಿ ಬೀಳುವ ಅಪಾಯ ಇದೆ. ಕಾರಣವಿಲ್ಲದೆ ತೂಕ ಏರುತ್ತಿದ್ದರೆ ಥೈರಾಯ್ಡ್ ನೋಡಿಸಿ. ಪ್ರಯತ್ನವೇ ಇಲ್ಲದೆ ತೂಕ ಇಳಿಯುತ್ತಿದ್ದರೆ ಖುಷಿಪಡದೆ ಆ ವಾರವೇ ಡಾಕ್ಟರ ಹತ್ತಿರ ಹೋಗಿ.

ಕೊನೆಯದಾಗಿ, ಹಿಂದೊಮ್ಮೆ ಮೂರೋ ಐದೋ ಕೆಜಿ ಇಳಿಸಿ, ಅದನ್ನು ಇನ್ನೂ ಉಳಿಸಿಕೊಂಡಿದ್ದು, "ನನ್ನ ಕೈಲಿ ಆಗಲಿಲ್ಲ" ಅಂತ ಕೈಬಿಟ್ಟವರಿಗೆ ಒಂದು ಕೋರಿಕೆ. ಅದಕ್ಕೆ ಮೊದಲು ಮಾಡಿಸಿದ್ದ ರಕ್ತ ಪರೀಕ್ಷೆಯ ಹಾಳೆ ಎಲ್ಲಾದರೂ ಇದ್ದರೆ ಹುಡುಕಿ. ಈ ವಾರ ಒಂದು ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಶುಗರ್, ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್), ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಇನ್ನೊಂದು ಸಲ ಮಾಡಿಸಿ, ಬಿ.ಪಿ. ನೋಡಿಸಿ. ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನಿಮ್ಮ ಡಾಕ್ಟರಿಗೆ ತೋರಿಸಿ. ಮುಂದಿನ ಸಂಖ್ಯೆಯನ್ನು ಅವರ ಜೊತೆ ಕೂತು ಬರೆದುಕೊಳ್ಳಿ.